ಎರಡು ಜಿಬಿ ಹೆಪ್ಪು

"ಇನ್ನು ಮ್ಯಾಲೆ ಈ ಮನೆಯಾಗೆ ಒಂದೇ ಬಸ್ಸು!"

ಕಾಟಯ್ಯ ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗೆ ಘೋಷಣೆ ಮಾಡಿದಾಗ ಅವನ ಹೆಂಡತಿ ಯಮುನಾ ಮುದ್ದೆ ಕಟ್ಟುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಬಸ್ಸು ಯಾವಾಗ ತಗಂಡ್ರಿ?"

"ಬಸ್ಸಲ್ಲ ಕಣೇ, ನೆಟ್ಟು! ಮೂರು ಜನಕ್ಕೆ ಮೂರು ನೆಟ್ ಪ್ಯಾಕು ಯಾಕೆ ಬೇಕು? ಒಂದೊಂದಕ್ಕೆ ಮುನ್ನೂರರ ಮ್ಯಾಲೆ! ಅದೂ ತಿಂಗಳಿಗಲ್ಲ, ಇಪ್ಪತ್ತೆಂಟು ದಿನಕ್ಕೆ! ಲೆಕ್ಕ ಹಾಕು, ವರ್ಷಕ್ಕೆ ಹದಿಮೂರು ಸಲ ಆತು. ಪಂಚಾಂಗದಾಗೆ ಮೂರು ವರ್ಷಕ್ಕೊಂದು ಅಧಿಕ ಮಾಸ ಬಂದ್ರೆ, ಈ ಫೋನ್ ಕಂಪ್ನಿಯೋರ ಪಂಚಾಂಗದಾಗೆ ವರ್ಷಾ ವರ್ಷಾ ಅಧಿಕ ಮಾಸ!"

"ಅಧಿಕ ಮಾಸದಾಗೆ ಅಳಿಯಂಗೆ ಕರೆದು ಕೊಡ್ತಾರಲ್ರಿ, ಹಂಗೆ ಅನ್ಕಳ್ರಿ. ಕಂಪ್ನಿನೇ ನಮ್ಮನೆ ಅಳಿಯ."

"ಮಗಳನ್ನೇ ಕೊಡದೆ ಅಳಿಯನ್ನ ಸಾಕೋ ಗ್ರಹಚಾರ ನಂಗ್ಯಾಕೆ?"

ಕಾಟಯ್ಯ ಸರ್ಕಾರಿ ಬಸ್ ಕಂಡಕ್ಟರು. ಹೊಳಲ್ಕೆರೆಯಿಂದ ಚಿತ್ರದುರ್ಗ, ದುರ್ಗದಿಂದ ಹಿರಿಯೂರು, ತಿರುಗಿ ಅದೇ ದಾರಿ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅವನ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಒಬ್ಬನೇ ಒಬ್ಬ ಪ್ರಯಾಣಿಕ ಸಿಕ್ಕಿಬಿದ್ದಿಲ್ಲ. ಐಮಂಗಲದ ಹತ್ತಿರ ಚೆಕಿಂಗಿನವರು ಹತ್ತಿದರೆ ಇವನ ಮುಖ ನೋಡಿ, "ಓ ನೀನಾ, ಹೋಗಪ್ಪ" ಅಂತ ಹಾಗೇ ಇಳಿದುಬಿಡುತ್ತಿದ್ದರಂತೆ. ಇದು ಕಾಟಯ್ಯನೇ ಹೇಳಿಕೊಂಡಿದ್ದು, ಆದ್ದರಿಂದ ಅರ್ಧ ಟಿಕೆಟ್ಟಿನಷ್ಟು ನಂಬಿದರೆ ಸಾಕು.

ಅಂಥವನು ಸುಮ್ಮನೆ ಮಾತಾಡಿ ಬಿಡುತ್ತಾನೆಯೇ? ಅವತ್ತೇ ಸಂಜೆ ಗಾಜು ಬಿರುಕುಬಿಟ್ಟ ತನ್ನ ಹಳೇ ಫೋನನ್ನು ಹೊರತೆಗೆದ. ದಿನಕ್ಕೆ ಎರಡು ಜಿಬಿ ಬರುವ ಒಂದೇ ಒಂದು ಪ್ಯಾಕು ಅದಕ್ಕೆ ಹಾಕಿಸಿ, ಕಿಟಕಿ ಪಕ್ಕದ ಗೂಡಿನಲ್ಲಿ ಕೂರಿಸಿ, ಹಾಟ್‌ಸ್ಪಾಟ್ ಆನ್ ಮಾಡಿದ. ಅದಕ್ಕೆ 'ಕಾಟಯ್ಯ ಡಿಪೋ' ಅಂತ ನಾಮಕರಣವೂ ಆಯಿತು. ಉಳಿದ ಫೋನುಗಳೆಲ್ಲ ಬರೀ ಮಾತಿಗೆ. ನೆಟ್ಟು ಬೇಕಾದರೆ ಡಿಪೋದಿಂದ ಹೊರಡಬೇಕು. ಗೋಡೆಗೆ ಒಂದು ಚೀಟಿಯನ್ನೂ ಅಂಟಿಸಿದ: ಯಮುನಾಗೆ ಅರ್ಧ ಜಿಬಿ, ಮಗಳು ಪ್ರೀತಿಗೆ ಒಂದು, ಕಾಟಯ್ಯನಿಗೆ ಅರ್ಧ.

ಪ್ರೀತಿ ಪಿಯುಸಿ ಮುಗಿಸಿ ನರ್ಸಿಂಗ್ ಸೀಟಿಗೆ ಕಾಯುತ್ತಿದ್ದವಳು. ಚೀಟಿ ಓದಿ ಕೇಳಿದಳು: "ಅಪ್ಪಾ, ನೀನು ಡ್ಯೂಟಿಯಿಂದ ಬರೋದೇ ರಾತ್ರಿ ಎಂಟಕ್ಕೆ. ನಿಂಗ್ಯಾಕೆ ಅರ್ಧ?"

"ಕಂಡಕ್ಟರ್ ಸೀಟು ಖಾಲಿ ಇದ್ರೂ ಯಾರೂ ಕುಂತ್ಕಳಂಗಿಲ್ಲಮ್ಮ!"

ಆದರೆ ಆ ಸೀಟಿನಲ್ಲಿ ಯಾರೋ ಕೂರುತ್ತಿದ್ದರು! ದಿನಾ ರಾತ್ರಿ ಎಂಟಕ್ಕೆ ಕಾಟಯ್ಯ ಕೈಕಾಲು ತೊಳೆದು, ಊಟದ ಮುಂದೆ ಕುಂತು ಫೋನಿನಲ್ಲಿ ವಾರ್ತೆ ಹಾಕಿದರೆ ಚಕ್ರ ತಿರುಗುತ್ತಿತ್ತೇ ಹೊರತು ಬಂಡಿ ಮುಂದೆ ಹೋಗುತ್ತಿರಲಿಲ್ಲ. 'ನಿಮ್ಮ ಇಂದಿನ ಡೇಟಾ ಮುಗಿದಿದೆ' ಅಂತ ಮೆಸೇಜು ಬೇರೆ! ಒಂದು ದಿನ ಆಯ್ತು, ಎರಡು ದಿನ ಆಯ್ತು, ವಾರವೂ ಆಯ್ತು. ಗುರುವಾರ ಅವನ ವಾರದ ರಜೆ. ಕನ್ನಡಕ ಏರಿಸಿಕೊಂಡು ಡಿಪೋ ಮೇಲೆ ದಿಢೀರ್ ದಾಳಿ ನಡೆಸಿದ. ಯಾರು ಯಾರು ಹತ್ತಿದ್ದಾರೆ ಅನ್ನೋ ಪಟ್ಟಿ ತೆರೆದು ನೋಡಿದರೆ ಐದು ಫೋನು! ಮೂರು ಜನದ ಬಸ್ಸಿನಲ್ಲಿ ಐದು ಜನ! ಇಪ್ಪತ್ತಾರು ವರ್ಷದ ಮಾನ ಗಟಾರದ ಪಾಲು!

"ಲೇ ಯಮುನಾ! ಯಾರೇ ಈ ಇಬ್ರು?"

"ಒಂದು ಪಕ್ಕದ ಮನೆ ಏಕನಾಥಮ್ಮಾರ್ದು. ಭರಮಸಾಗರದಾಗೆ ಮಗಳಿಗೆ ಹೆರಿಗೆ ಆತಲ್ಲ, ದಿನಾ ಮೊಮ್ಮಗುನ್ನ ನೋಡ್ತಾರೆ. ಇನ್ನೊಂದು ಎದುರುಮನೆ ಇಮಾಂಬಿದು, ಬ್ಲೌಸಿನ ಡಿಸೈನು ನೋಡಾಕೆ."

"ಯಾರನ್ನ ಕೇಳಿ ಕೊಟ್ಟೆ?"

"ನಿಮ್ಮನ್ನ ಕೇಳೇ ಕೊಟ್ಟಿದ್ದು!"

ಅದೂ ನಿಜವೇ. ಏಕನಾಥಮ್ಮ ಹೂ ಕಟ್ಟಿ ಮಾರುವ ಎಪ್ಪತ್ತರ ಮುದುಕಿ. ಹಾಟ್‌ಸ್ಪಾಟ್ ಅಂದರೆ ಏನು ಅಂತ ಆಕೆಗೆ ಯಮುನಾ ಮೂರು ದಿನ ವಿವರಿಸಿ ಸೋತಿದ್ದಳು. ನಾಲ್ಕನೇ ದಿನ, "ನೋಡಿ ದೊಡ್ಡಮ್ಮ, ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಂಗೆ. ನಮ್ಮ ಫೋನಿಂದು ಒಂಚೂರು ನಿಮ್ಮ ಫೋನಿಗೆ ಬಿಟ್ರೆ ಅದೂ ನೆಟ್ಟಾಗ್ತೈತೆ" ಅಂದಿದ್ದಳು. ತಕ್ಷಣ ಅರ್ಥವಾಗಿಬಿಟ್ಟಿತು! ಆವತ್ತಿನಿಂದ ಆ ಓಣಿಯಲ್ಲಿ ಹಾಟ್‌ಸ್ಪಾಟಿಗೆ ಹೆಪ್ಪು ಅಂತಲೇ ಹೆಸರು. ಬೆಳಿಗ್ಗೆ ಏಕನಾಥಮ್ಮ ಗೋಡೆಯಾಚೆಯಿಂದ "ಯಮುನಾ, ಒಂಚೂರು ಹೆಪ್ಪು ಐತೇನವ್ವ?" ಅಂತ ಕೂಗುವುದು, ಗಡ್ಡ ಕೆರೆಯುತ್ತಿದ್ದ ಕಾಟಯ್ಯ, "ಪಾಪ, ಕೊಡೇ! ಹೆಪ್ಪಿಗೂ ಯೋಚನೆ ಮಾಡ್ತಾರಾ?" ಅಂತ ಧಾರಾಳವಾಗಿ ಅಪ್ಪಣೆ ಕೊಡುವುದು ಎರಡು ಸಲ ನಡೆದೇ ಹೋಗಿತ್ತು!

"ಚಮಚ ಹೆಪ್ಪು ಕೊಟ್ರೆ ಗಡಿಗೆ ಮೊಸರು ಕಮ್ಮಿ ಆಗ್ತೈತೇನ್ರಿ?" ಅಂದಳು ಯಮುನಾ.

"ಇದು ಮೊಸರಲ್ಲ ಕಣೇ, ಡೇಟಾ! ಕೊಟ್ಟಷ್ಟೂ ಕಮ್ಮಿ ಆಗ್ತೈತೆ!"

"ಹೆಂಗಸ್ರಿಗೆ ನಿಮ್ ಸರ್ಕಾರಿ ಬಸ್ಸೇ ಫ್ರೀ ಐತೆ. ನಿಮ್ ನೆಟ್ಟೇನು ಪುಷ್ಪಕ ವಿಮಾನನಾ?"

"ಅದು ಸರ್ಕಾರದ್ದು, ಇದು ಕಾಟಯ್ಯಂದು!"

ಹಾಗಂದವನೇ ಪಾಸ್‌ವರ್ಡ್ ಬದಲಾಯಿಸಿ, ಓಣಿಗೆ ಬಂದು, ಬಸ್ಸಿನಲ್ಲಿ ಕೂಗುವ ಗಂಟಲಲ್ಲೇ ಕೂಗಿದ: "ಟಿಕೆಟ್ ಇಲ್ದೋರು ಇಳೀರಿ! ಹ್ಞೂಂ, ಇಳೀರಿ ಇಳೀರಿ!"

ಇಮಾಂಬಿ ಹೊಲಿಗೆ ಮಿಷನ್ನಿನ ಮೇಲಿಂದ ಕತ್ತೆತ್ತಿ ನೋಡಿ ನಾಲಿಗೆ ಕಚ್ಚಿಕೊಂಡಳು. ಜಗಲಿ ಮೇಲೆ ಕುಂತಿದ್ದ ಏಕನಾಥಮ್ಮನ ಫೋನಿನಲ್ಲಿ ಮೊಮ್ಮಗು ಆಕಳಿಸುತ್ತಿತ್ತು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಹೋಯಿತು. ಮುದುಕಿ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಆಗ ಕಾಟಯ್ಯನಿಗೆ ಎದೆಯಲ್ಲಿ ಎಲ್ಲೋ ಚುಳ್ ಅಂದದ್ದು ಸುಳ್ಳಲ್ಲ. ಆದರೆ ರೂಲ್ಸ್ ಅಂದರೆ ರೂಲ್ಸು ಅಂತ ಸಮಾಧಾನ ಮಾಡಿಕೊಂಡ.

ಮುಂದಿನ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರೀತಿ ಕಿರುಚಿಕೊಂಡು ಬಂದಳು. "ಅಪ್ಪಾ! ಸೀಟು ಬಂತು! ದುರ್ಗದಾಗೆ, ಸರ್ಕಾರಿ ಕಾಲೇಜು!"

ಮನೆಯಿಂದ ಓಡಾಡುವಷ್ಟು ಹತ್ತಿರ, ಫೀಸು ಕೈಗೆಟುಕುವಷ್ಟು. ಯಮುನಾ ದೇವರ ಮುಂದೆ ಕೈ ಮುಗಿದಳು. ಆದರೆ ಸೀಟು ಬಂದರೆ ಸಾಲದು, 'ಒಪ್ಪಿದ್ದೇನೆ' ಅಂತ ವೆಬ್‌ಸೈಟಿನಲ್ಲಿ ಅವತ್ತು ಸಂಜೆ ಏಳರೊಳಗೆ ಒತ್ತಬೇಕಿತ್ತು. ಏಳು ದಾಟಿದರೆ ಸೀಟು ಇನ್ನೊಬ್ಬರ ಪಾಲು, ಪ್ರೀತಿಗೆ ಒಂದು ವರ್ಷ ಮನೆ. ಪ್ರೀತಿ ಒತ್ತಲು ಹೋದರೆ ರಾಜ್ಯದ ಮಕ್ಕಳೆಲ್ಲ ಒಟ್ಟಿಗೇ ನುಗ್ಗಿ ವೆಬ್‌ಸೈಟು ಉಸಿರುಗಟ್ಟಿ ಕುಂತಿತ್ತು.

"ಮತ್ತೆ ಮತ್ತೆ ಟ್ರೈ ಮಾಡ್ತೀನಿ ಅಪ್ಪಾ."

"ಬ್ಯಾಡ!" ಕಾಟಯ್ಯ ಕೈ ಎತ್ತಿದ. "ನಂದು ಇಪ್ಪತ್ತಾರು ವರ್ಷದ ಅನುಭವ ಕಣಮ್ಮ. ಮೊದಲ್ನೇ ಬಸ್ಸಿಗೆ ಯಾವತ್ತೂ ನುಗ್ಗಬಾರ್ದು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡ್ದೀವಲ್ಲ, ಇನ್ನೇನು ಅವಸರ? ಕೊನೇ ಬಸ್ಸು ಖಾಲಿ ಇರ್ತೈತೆ. ಆರು ಗಂಟೆ ಮ್ಯಾಲೆ ಆರಾಮಾಗಿ ಹತ್ತಾಣ."

ಪ್ರೀತಿ ಅಪ್ಪನ ಅನುಭವವನ್ನು ನಂಬಿದಳು. ಪಾಪ, ಮಗಳಲ್ಲವೇ!

ಇಲ್ಲಿಗೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು ಅಡ್ಡಾದ ಕಾಟಯ್ಯ ಲೆಕ್ಕ ನೋಡಿದ. ಟಿಕೆಟ್ ಇಲ್ಲದವರು ಇಳಿದಿದ್ದಾರೆ, ಒಂದೂವರೆ ಜಿಬಿ ಹಾಗೇ ಉಳಿದಿದೆ. ಮಗಳು ಒತ್ತುವ ಒಂದು ಗುಂಡಿಗೆ ಎಷ್ಟು ಬೇಕು? ಚಿಟಿಕೆ! ಉಳಿದದ್ದು ಮಧ್ಯರಾತ್ರಿ ಹನ್ನೆರಡಕ್ಕೆ ಕಂಪ್ನಿಯ ಬಾಯಿಗೆ! ಖಾಲಿ ಸೀಟು ಓಡಿಸುವುದು ಕಂಡಕ್ಟರ್ ಜಾತಿಗೇ ಅವಮಾನ. ಒಂದು ಹಳೇ ಪೌರಾಣಿಕ ಸಿನಿಮಾ ಡೌನ್‌ಲೋಡ್ ಮಾಡೋಣ ಅಂತ ಒತ್ತಿದ. ಫೋನು ವಿನಯದಿಂದ ಕೇಳಿತು: 'ಸಾಧಾರಣವೇ? ಉತ್ತಮವೇ? ಅತ್ಯುತ್ತಮವೇ?'

ಐವತ್ತೆರಡು ವರ್ಷದ ಜೀವಮಾನದಲ್ಲಿ ಕಾಟಯ್ಯನನ್ನು ಯಾರೂ ಹೀಗೆ ಕೇಳಿರಲಿಲ್ಲ. 'ಅತ್ಯುತ್ತಮ' ಅಂತ ಒತ್ತಿ, ಟವೆಲ್ಲನ್ನು ಮುಖಕ್ಕೆ ಹೊದ್ದು ನಿದ್ದೆ ಹೋದ.

ಅತ್ಯುತ್ತಮಕ್ಕೆ ಎರಡೂವರೆ ಜಿಬಿ ಬೇಕಂತೆ. ಅದನ್ನು ಫೋನು ಸಣ್ಣಕ್ಷರದಲ್ಲಿ ಹೇಳಿತ್ತು. ಕನ್ನಡಕ ಗೂಡಿನಲ್ಲಿತ್ತು.

ಆರು ಗಂಟೆಗೆ ಪ್ರೀತಿ ಕುಂತಳು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಅಪ್ಪಾ, ನೆಟ್ಟು ಮುಗಿದೈತೆ!"

"ಆಗಾಕೆ ಸಾಧ್ಯನೇ ಇಲ್ಲ!" ಅಂತ ಎದ್ದು ಬಂದು ನೋಡಿದ ಕಾಟಯ್ಯನ ಮುಖ ಇಳಿದುಹೋಯಿತು. ಸಿನಿಮಾ ಅರವತ್ತು ಪರ್ಸೆಂಟಿಗೆ ಕೆಟ್ಟು ನಿಂತಿತ್ತು.

"ಏನ್ರಿ ಇದು, ಸಿನಿಮಾ?" ಅಂದಳು ಯಮುನಾ. ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವುದು ಬೇಡ.

ನೆಟ್ಟಿಗೆ ಇನ್ನೊಂದು ಪ್ಯಾಕು ಹಾಕಬೇಕೆಂದರೆ ನೆಟ್ಟೇ ಬೇಕು! ಎಂಥಾ ಏರ್ಪಾಡು ನೋಡಿ! ಕಾಟಯ್ಯ ಚಪ್ಪಲಿಯನ್ನೂ ಮೆಟ್ಟದೆ ಓಣಿ ಕೊನೆಯ ಜಮೀರನ ಮೊಬೈಲ್ ಅಂಗಡಿಗೆ ಓಡಿದ. ಶಟರ್ ಎಳೆದಿತ್ತು. 'ಮಾಲು ತರಲು ದುರ್ಗಕ್ಕೆ ಹೋಗಿದ್ದೇನೆ. ಏಳೂಕಾಲಕ್ಕೆ ಬರುತ್ತೇನೆ' ಅಂತ ಬೋರ್ಡು. ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಏಳಾಗುತ್ತದೆ. ವಾಪಸ್ ಓಡಿ ಬಂದು ತನ್ನ ಬಸ್ಸಿನ ಡ್ರೈವರು ಮುದ್ದಣ್ಣನಿಗೆ ಫೋನು ಮಾಡಿದ.

"ಮುದ್ದಣ್ಣಾ, ಎಲ್ಲಿದೀಯಾ?"

"ದುರ್ಗದ ಸ್ಟ್ಯಾಂಡಿನಾಗೆ. ಇನ್ನೇನು ಹೊರಡ್ತೀನಿ."

"ಅರ್ಜೆಂಟು ಕಣಪ್ಪ, ನನ್ ಹಳೇ ನಂಬರಿಗೆ ಕರೆನ್ಸಿ ಹಾಕು! ಮಗಳ ಸೀಟಿನ ಪ್ರಶ್ನೆ!"

"ಅಷ್ಟೇ ತಾನೆ, ಈಗ್ಲೇ ಹಾಕ್ದೆ!"

ಹೇಳಿದ ಮಾತಿಗೆ ತಪ್ಪುವ ಮನುಷ್ಯನಲ್ಲ ಮುದ್ದಣ್ಣ. ಎರಡು ನಿಮಿಷದಲ್ಲಿ ಟಣ್ ಅಂತ ಮೆಸೇಜು ಬಂತು. ಕರೆನ್ಸಿ ಬಿದ್ದಿತ್ತು. ಅಪ್ಪಟ ಕರೆನ್ಸಿ! ಮಾತಾಡುವುದಕ್ಕೆ ನೂರು ರೂಪಾಯಿ, ನೆಟ್ಟಿಗೆ ಸೊನ್ನೆ! ಕೇಳಿದ್ದನ್ನೇ ಹಾಕಿದ್ದ, ಅವನನ್ನು ಬೈಯುವಂತೆಯೂ ಇಲ್ಲ. ಮತ್ತೆ ಫೋನು ಮಾಡಿದರೆ ಎತ್ತಲಿಲ್ಲ, ಬಸ್ಸು ಹೊರಟಾಗಿತ್ತು.

ಆರೂ ಮೂವತ್ತೈದು. ಪ್ರೀತಿ ಅಳಲಿಲ್ಲ. ಅತ್ತಿದ್ದರೆ ಕಾಟಯ್ಯ ಬೈದು ಸಮಾಧಾನ ಮಾಡುತ್ತಿದ್ದ. ಅವಳು ಸುಮ್ಮನೆ ಮೊಣಕಾಲಿಗೆ ಗಲ್ಲ ಊರಿ ಆ ಚಕ್ರವನ್ನೇ ನೋಡುತ್ತಾ ಕುಂತಿದ್ದಳು. ಬಸ್ಸಿನಲ್ಲಿ ಬಾಣಂತಿಗೆ, ಮುದುಕರಿಗೆ, ಬಾಳೆಗೊನೆಗೂ ಸೀಟು ಮಾಡಿಕೊಟ್ಟವನು ಕಾಟಯ್ಯ. ಇವನ ಮಗಳಿಗೇ ಸೀಟು ತಪ್ಪಿದರೆ!

"ರೀ, ಏಕನಾಥಮ್ಮಾರ ಹತ್ರ ಕೇಳ್ರಿ" ಅಂದಳು ಯಮುನಾ ಮೆತ್ತಗೆ. "ನೀವು ಇಳಿಸಿದ ಮಾರನೇ ದಿನನೇ ಭರಮಸಾಗರದ ಅಳಿಯ ಅವ್ರ ಫೋನಿಗೆ ದಿನಕ್ಕೆ ಎರಡು ಜಿಬಿ ಹಾಕ್ಸ್ಯಾನೆ."

"ನಾನಾ? ಅವ್ರ ಬಾಗ್ಲಿಗಾ?"

ಯಮುನಾ ಮಗಳ ಕಡೆ ನೋಡಿದಳು. ಕಾಟಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ. ಹಿಂದೆ ಹೆಂಡತಿ, ಅವಳ ಹಿಂದೆ ಫೋನು ಹಿಡಿದ ಮಗಳು.

ಏಕನಾಥಮ್ಮನ ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. ಮುದುಕಿ ಮಲ್ಲಿಗೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಇಮಾಂಬಿ ಬ್ಲೌಸ್ ಪೀಸು ತೊಡೆ ಮೇಲಿಟ್ಟುಕೊಂಡು ಫೋನಿನಲ್ಲಿ ಬೆನ್ನಿನ ಡಿಸೈನು ನೋಡುತ್ತಿದ್ದಳು. ಡಿಪೋ ಇಲ್ಲಿಗೇ ವರ್ಗವಾಗಿದೆ ಅಂತ ಕಾಟಯ್ಯನಿಗೆ ಆಗ ಗೊತ್ತಾಯಿತು.

"ದೊಡ್ಡಮ್ಮಾ... ಒಂಚೂರು ಹಾಟ್‌ಸ್ಪಾಟು..."

"ಏನು ಪಾಟು? ನಂಗೆ ಅದೆಲ್ಲ ಗೊತ್ತಿಲ್ಲಪ್ಪ."

ಕಾಟಯ್ಯ ಟವೆಲ್ಲನ್ನು ಹೆಗಲಿಂದ ಕೈಗಿಳಿಸಿದ. "ಹೆಪ್ಪು, ದೊಡ್ಡಮ್ಮ. ಒಂಚೂರು ಹೆಪ್ಪು ಬೇಕಿತ್ತು."

ಏಕನಾಥಮ್ಮ ದೀಪದ ಕಡೆ ನೋಡಿದಳು. "ಹೊತ್ತು ಮುಳುಗೈತಲ್ಲಪ್ಪ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ಲ."

ಮುದುಕಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡರೆ ತಪ್ಪು. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಹೆಪ್ಪು ಮನೆಯಿಂದ ಹೊರಗೆ ಹೋದರೆ ಅದರ ಜೊತೆ ಲಕ್ಷ್ಮಿಯೂ ಹೋಗುತ್ತಾಳೆ ಅಂತ ಅತ್ತೆ ಹೇಳಿಕೊಟ್ಟದ್ದನ್ನು ಐವತ್ತು ವರ್ಷದಿಂದ ಪಾಲಿಸಿಕೊಂಡು ಬಂದವಳು ಆಕೆ. ಕಾಟಯ್ಯನಿಗೆ ಟಿಕೆಟ್ ಹೇಗೋ, ಆಕೆಗೆ ಇದು ಹಾಗೆ.

"ಅಯ್ಯೋ, ಇದು ಮೊಸರಿನ ಹೆಪ್ಪಲ್ಲ ದೊಡ್ಡಮ್ಮ, ನೆಟ್ಟು!"

"ಹೆಪ್ಪು ಅಂತ ನಿನ್ ಹೆಂಡ್ತಿನೇ ಹೇಳ್ಕೊಟ್ಟಾಳೆ. ಓದಿದೋಳು, ಸುಳ್ಳು ಹೇಳ್ತಾಳಾ?"

ಕಾಟಯ್ಯ ಹೆಂಡತಿಯನ್ನು ನೋಡಿದ. ಹೆಂಡತಿ ಸೂರಿನ ಹೆಂಚು ಎಣಿಸುತ್ತಿದ್ದಳು.

"ಆರೂ ನಲವತ್ತೇಳು ಅಪ್ಪಾ" ಅಂದಳು ಪ್ರೀತಿ.

ಹೆಂಚು ಎಣಿಸುತ್ತಿದ್ದ ಯಮುನಾ ತಟ್ಟನೆ ಕೇಳಿದಳು: "ದೊಡ್ಡಮ್ಮ, ಹೆಪ್ಪು ಹೊಸ್ಲು ದಾಟಿ ಹೊರಗೆ ಹೋಗಬಾರ್ದು, ಅಷ್ಟೇ ತಾನೆ? ನಾವೇ ಒಳಗೆ ಬಂದ್ರೆ?"

ಮುದುಕಿ ಸ್ವಲ್ಪ ಯೋಚಿಸಿದಳು. "ಮನೆಯಾಗೆ ಕುಂತು ಮೊಸರನ್ನ ಉಂಡ್ರೆ ಯಾವ ದೋಷನೂ ಇಲ್ಲವ್ವ. ಬರ್ರಿ, ಬರ್ರಿ, ಕುಂತ್ಕಳ್ರಿ!"

ತಾಯಿ ಮಗಳು ಒಳಗೆ ಹಾರಿದರು. ಕಾಟಯ್ಯನೂ ಬಲಗಾಲು ಎತ್ತಿದ.

"ನೀನೆಲ್ಲಿಗಪ್ಪ?"

"ನಾನೂ ಒಳಗೆ..."

"ಫ್ರೀ ಇರೋದು ಹೆಂಗಸ್ರಿಗೆ ಕಣಪ್ಪ. ಗಂಡಸ್ರು ಟಿಕೆಟ್ ತಗಬೇಕು. ನೀನು ಫುಟ್‌ಬೋರ್ಡ್ ಮ್ಯಾಲೆ ನಿಂತ್ಕ."

ಇದು ಮಾತ್ರ ಸೇಡೇ! ಕಾಟಯ್ಯ ಬಾಗಿಲ ಚೌಕಟ್ಟು ಹಿಡಿದು ಹೊರಗೆ ನಿಂತ.

"ಪಾಸ್‌ವರ್ಡ್ ಏನು ಆಂಟಿ?" ಪ್ರೀತಿ ಕೇಳಿದಳು. ಅದನ್ನು ಹಾಕಿಕೊಟ್ಟವಳು ಇಮಾಂಬಿ. ಅವಳು ಬಾಗಿಲ ಕಡೆ ನೋಡಿ, ಮುಖ ಕೆಂಪಗೆ ಮಾಡಿಕೊಂಡು, ಪ್ರೀತಿಯ ಕಿವಿಯಲ್ಲಿ ಏನೋ ಅಂದಳು.

"ಏನಂದ್ರಿ? ಕೇಳಿಸ್ಲಿಲ್ಲ."

"ಜೋರಾಗಿ ಹೇಳಮ್ಮ ಇಮಾಂಬಿ, ಟೈಮಾಗ್ತೈತೆ!" ಅಂತ ಕಾಟಯ್ಯ ಹೊರಗಿಂದ ಕೂಗಿದ.

ಇಮಾಂಬಿ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟಳು: "ಕಾಟಯ್ಯನಿಗಿಲ್ಲ!"

"ನಂಗೆ ಬ್ಯಾಡ ಕಣಮ್ಮ! ಮಗಳಿಗೆ ಹೇಳು!"

"ಅಯ್ಯೋ ಅಣ್ಣಾ, ಪಾಸ್‌ವರ್ಡೇ ಅದು! ಕಾಟಯ್ಯನಿಗಿಲ್ಲ. ಇಂಗ್ಲಿಷ್ನಾಗೆ, ಎಲ್ಲಾ ಕೂಡಿಸಿ."

ಪ್ರೀತಿ ಒತ್ತಿದಳು. ಹತ್ತಲಿಲ್ಲ. "ಕಾ ಗೆ ಎಷ್ಟು ಎ ಆಂಟಿ?"

"ಎರಡು!" ಅಂದ ಕಾಟಯ್ಯ. "ಡಿಪೋ ರೆಕಾರ್ಡಿನಾಗೆ ನನ್ ಹೆಸ್ರಿಗೆ ಎರಡು ಎ ಐತೆ!"

"ನಾನು ಒಂದೇ ಹಾಕೀನಿ ಅಣ್ಣಾ. ಕೋಪದಾಗಿದ್ದೆ."

"ಒಂದೇ ಹಾಕು ತಾಯಿ, ಒಂದೇ ಹಾಕು! ಬೇಕಾದ್ರೆ ನನ್ ಹೆಸ್ರೇ ತೆಗೆದುಬಿಡು!"

ಆರೂ ಐವತ್ತೆರಡು. ಹತ್ತಿತು. ಚಕ್ರ ತಿರುಗಿತು, ಆದರೆ ಈ ಸಲ ಬಂಡಿಯೂ ಹೊರಟಿತು. ಪ್ರೀತಿ ಒಂದು ಒತ್ತಿದಳು, ಓಟಿಪಿ ಬಂತು, ಅದನ್ನು ಹಾಕಿದಳು, ಇನ್ನೊಂದು ಒತ್ತಿದಳು. ಏಕನಾಥಮ್ಮ ಹೂವಿನ ದಾರ ಕೈಯಲ್ಲೇ ಹಿಡಿದು ಬಗ್ಗಿ ನೋಡುತ್ತಿದ್ದಳು. ಇಮಾಂಬಿ ಬಾಯಲ್ಲಿ ಏನೋ ದುವಾ. ಕಾಟಯ್ಯ ಚೌಕಟ್ಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ.

"ಆತು! ಅಪ್ಪಾ, ಸೀಟು ಆತು!"

ಅಬ್ಬಾ! ಕಾಟಯ್ಯ ದೊಪ್ಪನೆ ಹೊಸ್ತಿಲ ಮೇಲೇ ಕುಂತ. ಇಪ್ಪತ್ತಾರು ವರ್ಷ ಸೀಟು ಹಿಡಿಯಲು ಬಳಸಿದ ಟವೆಲ್ಲು ಆವತ್ತು ಕಣ್ಣೊರೆಸಲು ಬೇಕಾಯಿತು.

"ಹೊಸ್ಲು ಮ್ಯಾಲೆ ಕುಂತ್ಕಬಾರ್ದು, ಏಳೋ!" ಅಂತ ಏಕನಾಥಮ್ಮ ಗದರಿ, ಅಚ್ಚಿನಿಂದ ಬೆಲ್ಲ ಒಡೆದು ಎಲ್ಲರ ಬಾಯಿಗೂ ಹಾಕಿದಳು. ಕಾಟಯ್ಯನ ಬಾಯಿಗೆ ದೊಡ್ಡ ಚೂರು.

"ತಪ್ಪಾತು ದೊಡ್ಡಮ್ಮ" ಅಂದ ಅವನು, ಬೆಲ್ಲದ ಬಾಯಲ್ಲೇ.

"ಆವತ್ತು ಮಗು ಆಕಳಿಸ್ತಿತ್ತು. ಬಾಯಿ ಮುಚ್ಚೋದು ನೋಡಾಕೂ ಬಿಡ್ಲಿಲ್ಲ ನೀನು."

ಹಾಗಂದವಳೇ ಮುದುಕಿ ಭರಮಸಾಗರಕ್ಕೆ ವಿಡಿಯೋ ಕಾಲ್ ಹಚ್ಚಿಸಿ ಮಗುವನ್ನು ಅವನಿಗೇ ತೋರಿಸಿದಳು. ಅದು ಅವನನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಆ ರಾತ್ರಿ 'ಕಾಟಯ್ಯ ಡಿಪೋ'ದ ಪಾಸ್‌ವರ್ಡನ್ನು ಅವನೇ ಹಳೆಯದಕ್ಕೆ ತಿರುಗಿಸಿ ಓಣಿಗೆ ಹೇಳಿಬಂದ. ಗೋಡೆಯ ಚೀಟಿಯನ್ನೂ ಕಿತ್ತ.

ಮಾರನೇ ದಿನ ಡ್ಯೂಟಿ ಮುಗಿಸಿ ಎಂಟಕ್ಕೆ ಬಂದರೆ ಎಂದಿನಂತೆ ಡಿಪೋ ಖಾಲಿ. ಕಾಟಯ್ಯನಿಗೆ ಕೋಪವೇ ಬರಲಿಲ್ಲ. ಅಳಿಯ ಹಾಕಿಸಿದ ಎರಡು ಜಿಬಿ ಪಕ್ಕದಲ್ಲೇ ಇರುವಾಗ ಚಿಂತೆ ಏಕೆ? ಅರವತ್ತು ಪರ್ಸೆಂಟಿಗೆ ಕೆಟ್ಟು ನಿಂತ ಸಿನಿಮಾ ಹಿಡಿದುಕೊಂಡು ಏಕನಾಥಮ್ಮನ ಬಾಗಿಲಿಗೆ ಹೋದ.

"ದೊಡ್ಡಮ್ಮ, ಪಾಸ್‌ವರ್ಡು ಅದೇನಾ?"

"ಇಲ್ಲಪ್ಪ, ಇಮಾಂಬಿ ಬೆಳಿಗ್ಗೆನೇ ಬದಲಾಯ್ಸ್ಯಾಳೆ. 'ಕಾಟಯ್ಯನಿಗೂ ಐತೆ' ಅಂತ. ನಿನ್ನಂಗೆ ಎರಡು ಎ ಹಾಕ್ಯಾಳಂತೆ."

ಕಾಟಯ್ಯನ ಎದೆ ತುಂಬಿಬಂತು. ಹೆಮ್ಮೆಯಿಂದ ಒಂದೊಂದೇ ಅಕ್ಷರ ಒತ್ತಿದ. ಹತ್ತಲಿಲ್ಲ. ಮತ್ತೆ ಒತ್ತಿದ. ಎರಡು ಎ, ಸರಿಯಾಗೇ ಇದೆ. ಹತ್ತಲಿಲ್ಲ.

"ಯಾಕೋ ಹತ್ತವಲ್ದು ದೊಡ್ಡಮ್ಮ."

ಏಕನಾಥಮ್ಮ ಹೂ ಕಟ್ಟುತ್ತಲೇ ಗಲ್ಲದಿಂದ ದೀಪದ ಕಡೆ ತೋರಿಸಿದಳು.

"ಹೊತ್ತು ಮುಳುಗ್ತಲೇ ಆಫ್ ಮಾಡೀನಿ. ಬೆಳಿಗ್ಗೆ ಬಾರಪ್ಪ. ಬರುವಾಗ ಬಟ್ಟಲು ತಾ, ಬರಿಗೈಯಾಗೆ ಯಾರಾನ ಹೆಪ್ಪು ಒಯ್ತಾರಾ?"